ಹಮ್ ಹೋಯಿತು, ಮಾತು ಬಲಕ್ಕೆ ಸರಿಯಿತು!

ಪ್ರಶ್ನೆ: ಬೆಂಗಳೂರಿನಲ್ಲಿ ಒಂದು ಹಳೆಯ ಚಿತ್ರಮಂದಿರದ ಉಸ್ತುವಾರಿ ನನ್ನದು. 640 ಆಸನ, ಒಂದೇ ಪರದೆ, 5.1 ಧ್ವನಿ. ಪ್ರೊಜೆಕ್ಷನ್ ಕ್ಯಾಬಿನ್‌ನಿಂದ ಪರದೆಯ ಹಿಂದಿರುವ ಆಂಪ್ಲಿಫೈಯರ್ ರ‍್ಯಾಕ್‌ವರೆಗೆ ಸುಮಾರು 45 ಮೀಟರ್ ಕೇಬಲ್ ಓಡುತ್ತದೆ. ಆರು ತಿಂಗಳಿಂದ ಮಧ್ಯದ ಸ್ಪೀಕರ್‌ನಲ್ಲಿ ಮಾತ್ರ ಗುಂಯ್ ಎನ್ನುವ ಹಮ್ ಇತ್ತು. ಡೈಲಾಗ್ ಸರಿಯಾಗಿ ಕೇಳುವುದಿಲ್ಲ ಎಂದು ಬಾಲ್ಕನಿಯವರು ದೂರುತ್ತಿದ್ದರು. ಡಿಜಿಟಲ್ ಔಟ್‌ಪುಟ್ ಇರುವ ಪ್ರೊಸೆಸರ್ (ಧ್ವನಿಯನ್ನು ಹೊಂದಿಸಿ ಚಾನೆಲ್‌ಗಳಿಗೆ ಹಂಚುವ ಪೆಟ್ಟಿಗೆ) ಹಾಕಿದರೆ ಎಲ್ಲವೂ ಸರಿಹೋಗುತ್ತದೆ ಎಂದು ತಂತ್ರಜ್ಞರು ಹೇಳಿದ್ದರಿಂದ ಹೊಸದನ್ನು ಕೊಂಡೆವು. ನಮ್ಮ ಆಂಪ್ಲಿಫೈಯರ್‌ಗಳಲ್ಲಿ ಡಿಜಿಟಲ್ ಇನ್‌ಪುಟ್ ಮೊದಲೇ ಇತ್ತು, ಬಳಸಿರಲಿಲ್ಲ. ಹೊಸ ಡಿಜಿಟಲ್ ಕೇಬಲ್ ಎಳೆದು ಜೋಡಿಸಿದ ಮೇಲೆ ಹಮ್ ನಿಂತಿದೆ. ಆದರೆ ಈಗ ಡೈಲಾಗ್ ಬಲಗಡೆಯ ಸ್ಪೀಕರ್‌ನಿಂದ ಬರುತ್ತಿದೆ, ಬಲಗಡೆ ಬರಬೇಕಾದ ಸಂಗೀತ ಮಧ್ಯದಿಂದ ಬರುತ್ತಿದೆ. ಕೊಳಲು, ಪಿಟೀಲಿನಂಥ ನಿಧಾನ ಸಂಗೀತ ಇದ್ದಾಗ ನಾಲ್ಕೈದು ಸೆಕೆಂಡಿಗೊಮ್ಮೆ 'ಟಿಕ್' ಎನ್ನುತ್ತದೆ. ಮೊದಲು ಫೇಡರ್ (ಧ್ವನಿ ಏರಿಳಿಸುವ ನಾಬ್) 6ರಲ್ಲಿ ಇಡುತ್ತಿದ್ದೆವು, ಈಗ 3.5ಕ್ಕೆ ಇಳಿಸಬೇಕು. ಅಲ್ಲಿಯೂ ಸ್ವಲ್ಪ ತಿರುಗಿಸಿದರೆ ಸದ್ದೇ ಮಾಯ. ವಿತರಕರ ಕಡೆಯವರೊಬ್ಬರು ಡಿಜಿಟಲ್ ಔಟ್‌ಪುಟ್ ಪೈರಸಿಗೆ ದಾರಿ ಎಂದು ಹೆದರಿಸಿದ್ದಾರೆ. ಪ್ರೊಸೆಸರ್‌ನಲ್ಲಿ ಅನಲಾಗ್ ಔಟ್‌ಪುಟ್ ಹಾಗೂ ನೆಟ್‌ವರ್ಕ್ ಪೋರ್ಟ್ ಕೂಡ ಇವೆ. ಶುಕ್ರವಾರ ದೊಡ್ಡ ಚಿತ್ರ ಬಿಡುಗಡೆಯಿದೆ. ಅನಲಾಗ್‌ಗೆ ಮರಳಬೇಕೇ, ಇದನ್ನೇ ಸರಿಪಡಿಸಬಹುದೇ, ನೆಟ್‌ವರ್ಕ್‌ಗೆ ಹೋಗಬೇಕೇ?

ಉತ್ತರ: ನಿಮ್ಮ ಪತ್ರ ಓದಿ ಮೊದಲು ನಗು ಬಂತು, ಆಮೇಲೆ ಮರುಕ. ನೀವು ಬರೆದಿರುವ ಮೂರೂ ತೊಂದರೆಗಳನ್ನು ನಾನೇ ನನ್ನ ಕೈಯಾರೆ ಮಾಡಿಕೊಂಡಿದ್ದೇನೆ, ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಚಿತ್ರಮಂದಿರಗಳಲ್ಲಿ. ನಿಮಗೆ ಮೂರೂ ಒಂದೇ ರಾತ್ರಿ ಬಂದಿವೆ, ಅಷ್ಟೇ ವ್ಯತ್ಯಾಸ. ಪ್ರೊಸೆಸರ್ ಕೆಟ್ಟಿಲ್ಲ, ಹಣವೂ ನೀರಿಗೆ ಹೋಗಿಲ್ಲ. ಆದರೆ ಕಾಯಿಲೆ ಒಂದು, ಕೊಟ್ಟ ಮದ್ದು ಇನ್ನೊಂದು ಎಂಬುದು ನನ್ನ ಅನುಮಾನ. ಆದ್ದರಿಂದ ಈಗ ಇಲ್ಲದ ಹಮ್‌ನಿಂದಲೇ ಶುರು ಮಾಡುತ್ತೇನೆ.

ಹಮ್ ಮಧ್ಯದ ಸ್ಪೀಕರ್‌ನಲ್ಲಿ ಮಾತ್ರ ಇತ್ತು ಎಂದು ಬರೆದಿದ್ದೀರಿ. ಆ 'ಮಾತ್ರ' ಎಂಬ ಒಂದು ಪದ ಬಹಳ ಹೇಳುತ್ತದೆ. ಅರ್ಥಿಂಗ್ ಕೆಟ್ಟಿದ್ದರೆ, ಕ್ಯಾಬಿನ್‌ಗೆ ಯುಪಿಎಸ್‌ನಿಂದಲೂ ರ‍್ಯಾಕ್‌ಗೆ ಬೇರೆ ಲೈನ್‌ನಿಂದಲೂ ವಿದ್ಯುತ್ ಬಂದು ಎರಡರ ಅರ್ಥ್‌ ನಡುವೆ ವ್ಯತ್ಯಾಸವಿದ್ದರೆ, 5.1ರ ಆರೂ ಚಾನೆಲ್‌ಗಳು (ಎಡ, ಮಧ್ಯ, ಬಲ, ಎರಡು ಸರೌಂಡ್, ಒಂದು ಸಬ್‌ವೂಫರ್) ಸೇರಿ ಗುನುಗಬೇಕಿತ್ತು. ಒಂದೇ ರ‍್ಯಾಕ್, ಒಂದೇ ಅರ್ಥ್, ಒಂದೇ ಹೊರಕವಚದೊಳಗಿನ ಕೇಬಲ್. ಐದು ಸುಮ್ಮನಿದ್ದು ಒಂದು ಮಾತ್ರ ಹಾಡುತ್ತಿದೆ ಎಂದರೆ ತಪ್ಪು ಆ ಒಂದರ ದಾರಿಯಲ್ಲಿದೆ.

ಬ್ಯಾಲೆನ್ಸ್ಡ್ ಅನಲಾಗ್ ಲೈನ್‌ನಲ್ಲಿ ಒಂದೇ ಸಂಕೇತ ಎರಡು ತಂತಿಗಳಲ್ಲಿ ಒಂದಕ್ಕೊಂದು ಉಲ್ಟಾ ಆಗಿ ಹೋಗುತ್ತದೆ. ಆಂಪ್ಲಿಫೈಯರ್ ಎರಡರ ವ್ಯತ್ಯಾಸವನ್ನಷ್ಟೇ ತೆಗೆದುಕೊಳ್ಳುತ್ತದೆ. ದಾರಿಯಲ್ಲಿ ವಿದ್ಯುತ್ ಲೈನ್‌ನಿಂದ ಬಿದ್ದ ಕೊಳೆ ಎರಡೂ ತಂತಿಗಳ ಮೇಲೆ ಸಮನಾಗಿ ಬಿದ್ದಿರುವುದರಿಂದ ಕಳೆದು ಸೊನ್ನೆಯಾಗುತ್ತದೆ. ಈಗ ಎರಡರಲ್ಲಿ ಒಂದು ತಂತಿ ತುಂಡಾಯಿತು ಎನ್ನಿ. ಕೊಳೆ ಕಳೆಯುವುದಿಲ್ಲ, ಹಮ್ ಆಗಿ ಉಳಿಯುತ್ತದೆ. ಸಂಕೇತವೂ ಅರ್ಧವಾಗುತ್ತದೆ, ಅಂದರೆ ಸುಮಾರು 6 ಡೆಸಿಬೆಲ್ ಕಡಿಮೆ. ಚಿತ್ರದ ಮಾತೆಲ್ಲ ಬಹುತೇಕ ಮಧ್ಯದ ಸ್ಪೀಕರ್‌ನಿಂದಲೇ ಬರುವುದು. ಬಾಲ್ಕನಿಯವರಿಗೆ ಡೈಲಾಗ್ ಕೇಳದಿದ್ದದ್ದು ಏಕೆ ಎಂದು ಈಗ ಹೊಳೆಯಿತಲ್ಲವೇ? ನಿಮ್ಮ ಎರಡು ದೂರುಗಳು ಒಂದೇ ರೋಗದ ಎರಡು ಲಕ್ಷಣ.

ಕೆಲವು ವರ್ಷಗಳ ಹಿಂದೆ ನಗರದ ಹಳೆಯ ಚಿತ್ರಮಂದಿರವೊಂದರಲ್ಲಿ ಥೇಟ್ ಇದೇ ದೂರು. ಸೆಕೆಂಡ್ ಶೋ ಮುಗಿದ ಮೇಲೆ ಕುಳಿತು, ಅರ್ಥಿಂಗ್ ಮೇಲೆ ಅನುಮಾನಪಟ್ಟು, ಗುಂಡಿಗೆ ನಾಲ್ಕು ಕೊಡ ನೀರು ಸುರಿದು, ಬೆಳಗಿನ ಜಾವದವರೆಗೆ ಒದ್ದಾಡಿದೆವು. ಕೊನೆಗೆ ವೇದಿಕೆಯ ಕೆಳಗಿನ ಡಕ್ಟ್‌ನ ಹಲಗೆ ಎತ್ತಿದಾಗ ಇಲಿ ಕಡಿದ ಗುರುತು. ನೀಲಿ ತಂತಿ ಒಂದೇ ಒಂದು ಎಳೆಯ ಮೇಲೆ ನೇತಾಡುತ್ತಿತ್ತು. ಬೆಸುಗೆ ಹಾಕಲು ಹತ್ತು ನಿಮಿಷ ಹಿಡಿಯಿತು, ಅದನ್ನು ಹುಡುಕಲು ಆರು ಗಂಟೆ.

ಡಿಜಿಟಲ್ ಕೇಬಲ್ ಹಾಕಿದಾಗ ಹಮ್ ಹೋದದ್ದು ಸುಳ್ಳಲ್ಲ. ಡಿಜಿಟಲ್ ಸಂಕೇತದಲ್ಲಿ ಹೋಗುವುದು ಸೊನ್ನೆ ಮತ್ತು ಒಂದು. 50 ಹರ್ಟ್ಸ್ ಕೊಳೆ ಅದರ ಮೇಲೆ ಕುಳಿತರೂ ಆಂಪ್ಲಿಫೈಯರ್ ಅದನ್ನು ಧ್ವನಿ ಎಂದು ಓದುವುದಿಲ್ಲ. ಬಹಳಷ್ಟು ಉಪಕರಣಗಳಲ್ಲಿ ಒಂದು ಪುಟ್ಟ ಟ್ರಾನ್ಸ್‌ಫಾರ್ಮರ್ ಎರಡು ಬದಿಯನ್ನೂ ಬೇರ್ಪಡಿಸಿರುತ್ತದೆ. ಜೊತೆಗೆ ನಿಮ್ಮದು ಹೊಸ ಕೇಬಲ್. ಹಳೆಯ ಕೇಬಲ್‌ನ ಗಾಯ ಇನ್ನೂ ಡಕ್ಟ್‌ನಲ್ಲಿ ಹಾಗೆಯೇ ಇರಬೇಕು, ನೀವು ಅದನ್ನು ಬಳಸುತ್ತಿಲ್ಲ ಅಷ್ಟೇ. (ಹಮ್ ಹೋಗಲೆಂದು ಆಂಪ್ಲಿಫೈಯರ್‌ನ ಪ್ಲಗ್‌ನಲ್ಲಿ ಅರ್ಥ್ ಪಿನ್ ಕಿತ್ತುಹಾಕುವ ಚಾಳಿ ಇನ್ನೂ ಕೆಲವರಲ್ಲಿದೆ. ಯಾರಾದರೂ ಹಾಗೆ ಮಾಡಿದ್ದಾರೆಯೇ ಎಂದು ದಯವಿಟ್ಟು ನೋಡಿ. ಲೋಹದ ರ‍್ಯಾಕ್ ಮುಟ್ಟಿದ ಹುಡುಗನಿಗೆ ಶಾಕ್ ಹೊಡೆದು ಜೀವ ಹೋಗಬಹುದು.)

ಡಿಜಿಟಲ್ ಔಟ್‌ಪುಟ್ ನಿಜವಾಗಿ ಮಾಡುವುದೇನು?

ಚಿತ್ರವನ್ನು ಓಡಿಸುವ ಸರ್ವರ್‌ನಿಂದ ಬರುವ ಧ್ವನಿ ಡಿಜಿಟಲ್. ಸ್ಪೀಕರ್‌ಗೆ ಬೇಕಾದದ್ದು ಅನಲಾಗ್. ಎಲ್ಲೋ ಒಂದು ಕಡೆ ಪರಿವರ್ತನೆ ಆಗಲೇಬೇಕು. ಮೊದಲು ಅದು ಕ್ಯಾಬಿನ್‌ನಲ್ಲಿ, ಪ್ರೊಸೆಸರ್ ಒಳಗೆ ಆಗುತ್ತಿತ್ತು. ಈಗ 45 ಮೀಟರ್ ಆಚೆ, ಆಂಪ್ಲಿಫೈಯರ್ ಒಳಗೆ ಆಗುತ್ತಿದೆ. ಅಲ್ಲಿಗೆ ಕಥೆ ಮುಗಿಯಿತು. ಡಿಜಿಟಲ್ ಔಟ್‌ಪುಟ್ ಎಂದರೆ ಸ್ಫಟಿಕದಂಥ ಧ್ವನಿ ಎನ್ನುವುದು ಅಂಗಡಿಯ ಮಾತು. ಸರಿಯಿರುವ ಬ್ಯಾಲೆನ್ಸ್ಡ್ ಅನಲಾಗ್ ಕೇಬಲ್ 45 ಮೀಟರ್ ಓಡಿದರೆ 640 ಆಸನಗಳಲ್ಲಿ ಕುಳಿತ ಯಾರೂ ವ್ಯತ್ಯಾಸ ಗುರುತಿಸಲಾರರು. ಉದ್ದನೆಯ ದಾರಿಯಲ್ಲಿ ಕೊಳೆ ಸೇರದಿರುವುದು, ಕಡಿಮೆ ತಂತಿಯಲ್ಲಿ ಹೆಚ್ಚು ಚಾನೆಲ್ ಒಯ್ಯುವುದು, ಇವು ಮಾತ್ರ ನಿಜವಾದ ಲಾಭ.

ಆದರೆ ಅನಲಾಗ್ ತಂತಿ ಬಾಯಿ ಬಿಡದೆ ಮಾಡುತ್ತಿದ್ದ ಮೂರು ಕೆಲಸಗಳು ಈಗ ನಿಮ್ಮ ತಲೆಯ ಮೇಲೆ ಬಂದಿವೆ. ಯಾವ ಚಾನೆಲ್ ಎಲ್ಲಿಗೆ ಹೋಗಬೇಕು, ಯಾರ ಗಡಿಯಾರಕ್ಕೆ ಎಲ್ಲರೂ ನಡೆಯಬೇಕು, ಪೂರ್ಣ ಮಟ್ಟ ಎಂದರೆ ಎಷ್ಟು ಜೋರು. ನಿಮ್ಮ ಮೂರು ತೊಂದರೆ ಈ ಮೂರರದ್ದೇ.

ಡೈಲಾಗ್ ಬಲಕ್ಕೆ ಹೋದದ್ದು

ಎಇಎಸ್3 ಎಂಬ ಡಿಜಿಟಲ್ ಸಂಪರ್ಕದಲ್ಲಿ ಒಂದು ಜೋಡಿ ತಂತಿಯಲ್ಲಿ ಎರಡು ಚಾನೆಲ್ ಹೋಗುತ್ತವೆ. ಡಿಸಿಪಿಯಲ್ಲಿ (ಚಿತ್ರಮಂದಿರಕ್ಕೆ ಬರುವ ಡಿಜಿಟಲ್ ಚಿತ್ರದ ಕಡತಗಳ ಕಟ್ಟು) ಚಾನೆಲ್‌ಗಳ ಕ್ರಮ ಹೀಗೆ: 1 ಎಡ, 2 ಬಲ, 3 ಮಧ್ಯ, 4 ಸಬ್‌ವೂಫರ್, 5 ಎಡ ಸರೌಂಡ್, 6 ಬಲ ಸರೌಂಡ್. ಅಂದರೆ ಮೊದಲ ಜೋಡಿಯಲ್ಲಿ ಎಡ-ಬಲ, ಎರಡನೆಯದರಲ್ಲಿ ಮಧ್ಯ-ಸಬ್. ಆದರೆ ಫಿಲ್ಮ್ ರೀಲಿನ ಕಾಲದಿಂದ ರ‍್ಯಾಕ್ ಕಟ್ಟಿದವರು ಪರದೆಯ ಮೇಲೆ ಕಾಣುವ ಕ್ರಮದಲ್ಲೇ ಕಟ್ಟುತ್ತಿದ್ದರು: ಎಡ, ಮಧ್ಯ, ಬಲ. ನಿಮ್ಮ ಮೊದಲ ಆಂಪ್ಲಿಫೈಯರ್ ಎಡ ಮತ್ತು ಮಧ್ಯದ ಸ್ಪೀಕರ್‌ಗಳನ್ನೂ, ಎರಡನೆಯದು ಬಲ ಮತ್ತು ಸಬ್ ಅನ್ನೂ ನಡೆಸುತ್ತಿದೆ ಎಂದು ಪಣ ಕಟ್ಟುತ್ತೇನೆ. ಮೊದಲ ಜೋಡಿಯನ್ನು ಮೊದಲ ಆಂಪ್ಲಿಫೈಯರ್‌ಗೆ ಚುಚ್ಚಿದ್ದಾರೆ. ಎಡ ಎಡಕ್ಕೆ ಹೋಯಿತು, ಬಲ ಮಧ್ಯಕ್ಕೆ ಹೋಯಿತು. ಎರಡನೆಯ ಜೋಡಿಯಲ್ಲಿ ಮಧ್ಯ ಬಲಕ್ಕೆ ಹೋಯಿತು, ಸಬ್ ಸಬ್‌ಗೇ ಹೋಯಿತು. ನಿಮ್ಮ ಲಕ್ಷಣಕ್ಕೆ ಇದು ಕೂದಲೆಳೆಯಷ್ಟೂ ತಪ್ಪದೆ ಹೊಂದುತ್ತದೆ.

ಅನಲಾಗ್‌ನಲ್ಲಾದರೆ ಎರಡು ಪ್ಲಗ್ ಅದಲು ಬದಲು ಮಾಡಿದರೆ ಮುಗಿಯುತ್ತಿತ್ತು. ಇಲ್ಲಿ ಒಂದೇ ಪ್ಲಗ್‌ನಲ್ಲಿ ಇಬ್ಬರಿರುವುದರಿಂದ ಅದು ಆಗದು. ಪ್ರೊಸೆಸರ್‌ನ ಔಟ್‌ಪುಟ್ ಹೊಂದಿಕೆಯ ಪುಟದಲ್ಲಿ ಎರಡನೆಯ ಸ್ಥಾನಕ್ಕೆ ಮಧ್ಯ, ಮೂರನೆಯದಕ್ಕೆ ಬಲ ಎಂದು ಬದಲಿಸಿ. ಇನ್‌ಪುಟ್ ಕಡೆ ಬದಲಿಸಿದರೂ ಮಾತು ಮಧ್ಯಕ್ಕೆ ಬಂದಂತೆ ಕಾಣುತ್ತದೆ, ಆದರೆ ಮಧ್ಯದ ಸ್ಪೀಕರ್‌ಗೆ ಬಲದ ಸ್ಪೀಕರ್‌ಗಾಗಿ ಮಾಡಿದ ಈಕ್ವಲೈಸೇಶನ್ (ಸ್ವರಗಳ ಹೊಂದಾಣಿಕೆ) ಹಾಕಿದಂತಾಗುತ್ತದೆ. ಪರದೆಯ ಹಿಂದೆ ಹೋಗಿ ಸ್ಪೀಕರ್ ತಂತಿ ಅದಲು ಬದಲು ಮಾಡುವವರೂ ಇದ್ದಾರೆ. ಬೇಡ. ಎರಡು ವರ್ಷದ ನಂತರ ಬರುವ ತಂತ್ರಜ್ಞ ನಿಮ್ಮನ್ನು ಶಪಿಸುತ್ತಾನೆ.

ಪರೀಕ್ಷೆಯನ್ನು ಎರಡು ಸಲ ಮಾಡಬೇಕು. ಪ್ರೊಸೆಸರ್ ಒಳಗಿನ ಪಿಂಕ್ ನಾಯ್ಸ್ (ಸುರಿಮಳೆಯಂಥ ಪರೀಕ್ಷಾ ಸದ್ದು) ಹುಟ್ಟುವುದು ಇನ್‌ಪುಟ್ ದಾಟಿದ ಮೇಲೆ. ಆದ್ದರಿಂದ ಅದು ಔಟ್‌ಪುಟ್ ಸರಿಯಿದೆಯೇ ಎಂದಷ್ಟೇ ಹೇಳುತ್ತದೆ. ಸರ್ವರ್‌ನಿಂದ ಪೂರ್ತಿ ದಾರಿ ನೋಡಲು ಚಾನೆಲ್‌ಗಳ ಹೆಸರನ್ನು ಒಂದೊಂದಾಗಿ ಕೂಗಿ ಹೇಳುವ ಪರೀಕ್ಷಾ ಡಿಸಿಪಿ ಹಾಕಿ, ಹಾಲ್‌ನ ನಡುವೆ ನಿಂತು ಕೇಳಿ. ಒಬ್ಬರು ಕ್ಯಾಬಿನ್‌ನಲ್ಲಿ, ಒಬ್ಬರು ಹಾಲ್‌ನಲ್ಲಿ, ನಡುವೆ ಮೊಬೈಲ್.

ಜೋಡಿಯಲ್ಲಿ ಹೋಗುವುದರಿಂದ ಇನ್ನೊಂದು ಅನುಕೂಲವೂ ಇದೆ: ಕೆಡುವಾಗಲೂ ಜೋಡಿಯಾಗಿಯೇ ಕೆಡುತ್ತವೆ. ಮುಂದೆ ಯಾವಾಗಲಾದರೂ ಮಾತು ಮತ್ತು ಗುಡುಗು ಒಟ್ಟಿಗೆ ಮಾಯವಾದರೆ ನೇರವಾಗಿ ಸರ್ವರ್‌ನಿಂದ ಪ್ರೊಸೆಸರ್‌ಗೆ ಬರುವ ಎರಡನೆಯ ಜೋಡಿಯ ಕನೆಕ್ಟರ್ ನೋಡಿ. 25 ಪಿನ್‌ನ ಡಿಬಿ25 ಕನೆಕ್ಟರ್ ಇದ್ದರೆ ಇನ್ನೊಂದು ಎಚ್ಚರ: ಹೊರಗಿನ ಮೂತಿ ಒಂದೇ ಆದರೂ ಒಳಗಿನ ಪಿನ್ ಕ್ರಮ ಟಾಸ್ಕಾಮ್ ಪದ್ಧತಿ, ಯಮಹಾ ಪದ್ಧತಿ ಎಂದು ಬೇರೆ ಬೇರೆ ಇರುತ್ತದೆ. ಎಸ್.ಪಿ. ರಸ್ತೆಯಲ್ಲಿ ಸಿದ್ಧ ಕೇಬಲ್ ಕೊಳ್ಳುವಾಗ ಕೈಪಿಡಿಯ ಪಿನ್ ಚಿತ್ರವನ್ನು ಮೊಬೈಲ್‌ನಲ್ಲಿ ಇಟ್ಟುಕೊಂಡು ಹೋಗಿ.

'ಟಿಕ್' ಸದ್ದು

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಏಕೆಂದರೆ ಹೆಚ್ಚು ಜನ ಎಡವುವುದು ಇಲ್ಲೇ.

ಡಿಸಿಪಿಯ ಧ್ವನಿ ಸಾಮಾನ್ಯವಾಗಿ ಸೆಕೆಂಡಿಗೆ 48,000 ಸ್ಯಾಂಪಲ್‌ಗಳಾಗಿ, ಅಂದರೆ ಧ್ವನಿಯ ಅಲೆಯ ಒಂದೊಂದು ಅಳತೆಯಾಗಿ, ಹರಿಯುತ್ತದೆ. ಪ್ರೊಸೆಸರ್ ತನ್ನ ಗಡಿಯಾರದ ಲೆಕ್ಕದಲ್ಲಿ 48,000 ಕಳಿಸುತ್ತದೆ. ಆಂಪ್ಲಿಫೈಯರ್ ತನ್ನ ಸ್ವಂತ ಗಡಿಯಾರದ ಲೆಕ್ಕದಲ್ಲಿ 48,000 ತೆಗೆದುಕೊಳ್ಳಲು ಕುಳಿತಿದ್ದರೆ ತೊಂದರೆ ಶುರು. ಎರಡು ಗಡಿಯಾರಗಳು ಎಂದೂ ಪೂರ್ತಿ ಒಂದೇ ಆಗಿರುವುದಿಲ್ಲ. ಹತ್ತು ಲಕ್ಷದಲ್ಲಿ ಹತ್ತು ಭಾಗದಷ್ಟು ವ್ಯತ್ಯಾಸ ಇದ್ದರೂ ಸುಮಾರು ಎರಡು ಸೆಕೆಂಡಿಗೊಂದು ಸ್ಯಾಂಪಲ್ ಹೆಚ್ಚಾಗುತ್ತದೆ ಅಥವಾ ಕಡಿಮೆ ಬೀಳುತ್ತದೆ. ಹೆಚ್ಚಾದದ್ದನ್ನು ಬಿಸಾಡುವಾಗ, ಕಡಿಮೆಯಾದದ್ದನ್ನು ಮತ್ತೊಮ್ಮೆ ಹೇಳುವಾಗ, ಅಲೆಯಲ್ಲಿ ಒಂದು ಸಣ್ಣ ಮೆಟ್ಟಿಲು ಬೀಳುತ್ತದೆ. ಅದೇ ನಿಮ್ಮ 'ಟಿಕ್'. ಹೊಡೆದಾಟದ ದೃಶ್ಯದಲ್ಲಿ ಅದು ಮುಚ್ಚಿಹೋಗುತ್ತದೆ. ಪೂರ್ಣ ಮೌನದಲ್ಲೂ ಕೇಳುವುದಿಲ್ಲ, ಸೊನ್ನೆಯ ನಂತರ ಸೊನ್ನೆ ಬಿಟ್ಟರೂ ಸೊನ್ನೆಯೇ. ಕೊಳಲಿನ ಉದ್ದನೆಯ ಸ್ವರದಲ್ಲಿ ಮಾತ್ರ ಸಿಕ್ಕಿಬೀಳುತ್ತದೆ. ನಿಮ್ಮ ಕಿವಿ ಚೆನ್ನಾಗಿದೆ.

ಕೈಗಡಿಯಾರ ಹಿಡಿದು ಎಣಿಸಿ. ಟಿಕ್ ಲೆಕ್ಕಕ್ಕೆ ಸರಿಯಾಗಿ ಬಿದ್ದರೆ ಗಡಿಯಾರದ ಜಗಳ. ಮನಸ್ಸಿಗೆ ಬಂದಂತೆ, ಕ್ಯಾಂಟೀನಿನ ಫ್ರಿಜ್ ಅಥವಾ ಎಕ್ಸಾಸ್ಟ್ ಫ್ಯಾನ್ ಚಾಲೂ ಆದಾಗ ಬಿದ್ದರೆ ಕೇಬಲ್ ಅಥವಾ ಕನೆಕ್ಟರ್. ನಿಮ್ಮದು ನಾಲ್ಕೈದು ಸೆಕೆಂಡಿಗೊಮ್ಮೆ ತಪ್ಪದೆ ಬರುತ್ತಿದ್ದರೆ ಆಂಪ್ಲಿಫೈಯರ್‌ನ ಸೆಟ್ಟಿಂಗ್‌ಗೆ ಹೋಗಿ. ಕ್ಲಾಕ್ ಎಂಬ ಕಡೆ 'ಇಂಟರ್ನಲ್' ಎಂದಿರುತ್ತದೆ, ಅದನ್ನು ಡಿಜಿಟಲ್ ಇನ್‌ಪುಟ್‌ಗೆ ಬದಲಿಸಿ. ಪ್ರತಿಯೊಂದು ಆಂಪ್ಲಿಫೈಯರ್‌ನಲ್ಲೂ ಮಾಡಿ. ಒಂದನ್ನು ಮರೆತರೆ ಆ ಎರಡು ಚಾನೆಲ್‌ಗಳಲ್ಲಿ ಟಿಕ್ ಉಳಿಯುತ್ತದೆ. ಪ್ರೊಸೆಸರ್ ಯಜಮಾನ, ಉಳಿದವರು ಅವನ ತಾಳಕ್ಕೆ ಹೆಜ್ಜೆ ಹಾಕಬೇಕು. ಎರಡು ಗಡಿಯಾರಗಳ ವ್ಯತ್ಯಾಸವನ್ನು ಸರಿದೂಗಿಸುವ ಸ್ಯಾಂಪಲ್ ರೇಟ್ ಕನ್ವರ್ಟರ್ ಇರುವ ಆಂಪ್ಲಿಫೈಯರ್ ಆದರೆ ಅದನ್ನು ಚಾಲೂ ಮಾಡಿದರೂ ಆದೀತು.

ಇಷ್ಟಾದ ಮೇಲೂ ಟಿಕ್ ಉಳಿದರೆ ಜಗಳ ಸರ್ವರ್ ಮತ್ತು ಪ್ರೊಸೆಸರ್ ನಡುವೆ ಇರಬಹುದು. ಪ್ರೊಸೆಸರ್ ಒಳಗಿನಿಂದಲೇ ಒಂದು ಸ್ಥಿರ ಸ್ವರ ಹಾಕಿ ಕೇಳಿ. ಆಗಲೂ ಟಿಕ್ ಬಂದರೆ ಆಂಪ್ಲಿಫೈಯರ್ ಕಡೆ, ಬಾರದಿದ್ದರೆ ಸರ್ವರ್ ಕಡೆ ತಪ್ಪಿದೆ. ಪಿಂಕ್ ನಾಯ್ಸ್‌ನಲ್ಲಿ ಈ ಪರೀಕ್ಷೆ ಮಾಡಬೇಡಿ. ಜಡಿಮಳೆಯಲ್ಲಿ ಒಂದು ಹನಿಯ ಸದ್ದು ಹುಡುಕಿದಂತೆ ಆಗುತ್ತದೆ.

ಕೇಬಲ್ ವಿಷಯ ಬಂತಲ್ಲ, ತಂತ್ರಜ್ಞರು ಎಳೆದದ್ದು ಯಾವುದು ಎಂದು ಅದರ ಕವಚದ ಮೇಲೆ ಓದಿ. ಎಇಎಸ್3ಗೆ ಬೇಕಾದದ್ದು 110 ಓಮ್ ಕೇಬಲ್. 48 ಕಿಲೋಹರ್ಟ್ಸ್ ಧ್ವನಿಗೆ ಇದರಲ್ಲಿ ಸೆಕೆಂಡಿಗೆ 30 ಲಕ್ಷಕ್ಕೂ ಹೆಚ್ಚು ಬಿಟ್‌ಗಳು ಓಡುತ್ತವೆ. ಮೈಕ್ ಕೇಬಲ್ ಹತ್ತು ಮೀಟರ್‌ನಲ್ಲಿ ಕೆಲಸ ಮಾಡಿ ಮೆಚ್ಚುಗೆ ಪಡೆಯುತ್ತದೆ, 45 ಮೀಟರ್‌ನಲ್ಲಿ ಕೈಕೊಡುತ್ತದೆ. ವಿಚಿತ್ರವೆಂದರೆ ಕಂಪ್ಯೂಟರ್‌ಗೆ ಬಳಸುವ ಕ್ಯಾಟ್6 ಕೇಬಲ್ 100 ಓಮ್ ಇರುವುದರಿಂದ ಈ ಕೆಲಸವನ್ನು ಚೆನ್ನಾಗಿಯೇ ಮಾಡುತ್ತದೆ. ಮನೆಯ ಡಿವಿಡಿ ಪ್ಲೇಯರ್‌ನ ಕಿತ್ತಳೆ ಬಣ್ಣದ ಡಿಜಿಟಲ್ ಜಾಕ್ ಬೇರೆ ಜಾತಿ, ಅದರ ವೋಲ್ಟೇಜ್ ಅರ್ಧ ವೋಲ್ಟ್ ಮಾತ್ರ. ಎರಡೂ ಒಂದೇ ಎಂದು ಅಡಾಪ್ಟರ್ ಹಾಕಿ ಕೂರಿಸುವವರ ಮಾತು ಕೇಳಬೇಡಿ.

ಫೇಡರ್ 3.5ಕ್ಕೆ ಇಳಿದದ್ದು

ಸಿನಿಮಾ ಫೇಡರ್‌ನ ಅಂಕಿಗಳ ಲೆಕ್ಕ ವಿಚಿತ್ರವಾದದ್ದು. ಅದರ ಮಾದರಿ ಸ್ಥಾನ 7. 4ರಿಂದ 10ರವರೆಗೆ ಒಂದೊಂದು ಅಂಕಿಗೆ ಸುಮಾರು 3.3 ಡೆಸಿಬೆಲ್ ವ್ಯತ್ಯಾಸ. 4ಕ್ಕಿಂತ ಕೆಳಗೆ ಒಂದು ಅಂಕಿಗೆ 20 ಡೆಸಿಬೆಲ್! ಸ್ವಲ್ಪ ಮುಟ್ಟಿದರೆ ಸದ್ದು ಮಾಯವಾಗುವುದು ಇದರಿಂದಲೇ, ನೀವು ಮೆಟ್ಟಿಲು ಇಳಿಯುತ್ತಿದ್ದವರು ಈಗ ಬಂಡೆಯ ಅಂಚಿಗೆ ಬಂದಿದ್ದೀರಿ. 6ರಿಂದ 3.5 ಎಂದರೆ ಲೆಕ್ಕದಲ್ಲಿ ಸುಮಾರು 17 ಡೆಸಿಬೆಲ್.

ಅದು ಎಲ್ಲಿಂದ ಬಂತು? ಅನಲಾಗ್‌ನಲ್ಲಿ ಆಂಪ್ಲಿಫೈಯರ್ ಮುಂದಿನ ನಾಬ್‌ಗಳನ್ನು ಅರ್ಧಕ್ಕೆ ತಿರುಗಿಸಿ ಇಟ್ಟಿದ್ದಿರಬೇಕು. ಎಷ್ಟೋ ಆಂಪ್ಲಿಫೈಯರ್‌ಗಳಲ್ಲಿ ಡಿಜಿಟಲ್ ಇನ್‌ಪುಟ್ ಆ ನಾಬ್‌ಗಳನ್ನು ಹಾಯದೆ ಒಳಗೆ ಹೋಗುತ್ತದೆ. ಇದು ಅಪಾಯದ ವಿಷಯ. ಅಭ್ಯಾಸಬಲದಿಂದ ಯಾರಾದರೂ ಫೇಡರ್ ಅನ್ನು 3.5ರಿಂದ 7ಕ್ಕೆ ತಿರುಗಿಸಿದರೆ ಸ್ಪೀಕರ್‌ಗೆ ಹೋಗುವ ಶಕ್ತಿ ನೂರು ಪಟ್ಟಾಗುತ್ತದೆ. ರಜೆಯ ಮೇಲಿದ್ದ ಆಪರೇಟರ್ ಮರಳಿ ಬಂದ ಮೊದಲ ದಿನ ಹಾಗೆ ಆಗುವುದನ್ನು ನಾನು ನೋಡಿದ್ದೇನೆ. ಮೇಲ್ಸ್ವರ ನುಡಿಸುವ ಹಾರ್ನ್‌ನ ಡಯಾಫ್ರಮ್ (ಕಂಪಿಸುವ ತೆಳು ಪೊರೆ) ಒಂದೇ ಏಟಿಗೆ ಹೋಯಿತು.

ಇದನ್ನು ಪ್ರೊಸೆಸರ್‌ನ ಔಟ್‌ಪುಟ್ ಇಳಿಸಿ ಸರಿಪಡಿಸಬೇಡಿ. ಹಾಗೆ ಮಾಡಿದರೆ ಆಂಪ್ಲಿಫೈಯರ್ ಪೂರ್ತಿ ತೆರೆದೇ ಇರುತ್ತದೆ, ಅದರ ಸ್ವಂತ 'ಸ್ಸ್' ಸದ್ದು ಹಾಲ್‌ನಲ್ಲಿ ಕೇಳಬಹುದು. ಆಂಪ್ಲಿಫೈಯರ್ ಒಳಗಿನ ಡಿಜಿಟಲ್ ಇನ್‌ಪುಟ್ ಮಟ್ಟವನ್ನೇ ಇಳಿಸಿ. ನಂತರ ಫೇಡರ್ 7ರಲ್ಲಿಟ್ಟು, ಹಾಲ್‌ನ ಮೂರನೆಯ ಎರಡು ಭಾಗದಷ್ಟು ಹಿಂದೆ ಧ್ವನಿ ಮಾಪಕ ಹಿಡಿದು, ಮೊದಲಿನಿಂದ ಅಳೆಯಿರಿ. ಪರದೆಯ ಹಿಂದಿನ ಪ್ರತಿ ಚಾನೆಲ್‌ಗೆ 85, ಪ್ರತಿ ಸರೌಂಡ್‌ಗೆ 82 ಡೆಸಿಬೆಲ್, ಮಾಪಕದ ಸೆಟ್ಟಿಂಗ್ 'ಸಿ' ತೂಕ (C), ನಿಧಾನ ಗತಿ (Slow). ಸಬ್‌ವೂಫರ್‌ಗೆ ಅದರ ಆವರ್ತನ ಪಟ್ಟಿಯಲ್ಲಿ ಮಧ್ಯದ ಚಾನೆಲ್‌ಗಿಂತ 10 ಡೆಸಿಬೆಲ್ ಹೆಚ್ಚು ಬೇಕು. ಇದನ್ನು ಆವರ್ತನವಾರು ಅಳೆಯುವ ಅನಲೈಜರ್‌ನಲ್ಲಿ ನೋಡುವುದು ಒಳ್ಳೆಯದು. ಸಾದಾ ಮಾಪಕದಲ್ಲಿ ಸುಮಾರು 91 ತೋರಿಸುತ್ತದೆ. 95ಕ್ಕೆ ಏರಿಸಿ ಸೀಟು ನಡುಗಿಸುವುದು ಅಭಿಮಾನಿಗಳಿಗೆ ಇಷ್ಟವಾದೀತು, ಮಾತು ಮಾತ್ರ ಮತ್ತೆ ಮುಳುಗುತ್ತದೆ. ಅನಲಾಗ್ ಕಾಲದ ಹಳೆಯ ಅಂಕಿಗಳನ್ನು ನಕಲು ಮಾಡಿ ಹಾಕುವುದರಿಂದ ಪ್ರಯೋಜನವಿಲ್ಲ.

ನೀವು ಬರೆಯದೇ ಬಿಟ್ಟದ್ದು

ನಿಮ್ಮ ಕ್ರಾಸ್‌ಓವರ್, ಅಂದರೆ ಕೆಳಸ್ವರ ಮೇಲ್ಸ್ವರಗಳನ್ನು ಬೇರ್ಪಡಿಸುವ ಭಾಗ, ಎಲ್ಲಿದೆ? ಪತ್ರದಲ್ಲಿ ಇಲ್ಲ, ನನಗೆ ಹೆಚ್ಚು ಆತಂಕವಿರುವುದು ಅದರ ಬಗ್ಗೆಯೇ. ಪರದೆಯ ಹಿಂದೆ ಟಾರ್ಚ್ ಹಿಡಿದು ಹೋಗಿ ಒಂದೊಂದು ಸ್ಪೀಕರ್‌ಗೆ ಎಷ್ಟು ಜೊತೆ ತಂತಿ ಹೋಗಿದೆ ಎಂದು ನೋಡಿ. ಒಂದೇ ಜೊತೆಯಾದರೆ ಕ್ರಾಸ್‌ಓವರ್ ಸ್ಪೀಕರ್ ಒಳಗೇ ಇದೆ, ಯೋಚನೆ ಬೇಡ. ನಿಮ್ಮ ಲಕ್ಷಣ ನೋಡಿದರೆ ಹಾಗೆಯೇ ಇರಬೇಕು. ಎರಡು ಜೊತೆಯಿದ್ದರೆ ಕೆಳಗಿನ ವೂಫರ್‌ಗೂ ಮೇಲಿನ ಹಾರ್ನ್‌ಗೂ ಬೇರೆ ಬೇರೆ ಆಂಪ್ಲಿಫೈಯರ್ ಎಂದರ್ಥ. ಆಗ ಧ್ವನಿಯನ್ನು ಕೆಳಸ್ವರ, ಮೇಲ್ಸ್ವರ ಎಂದು ಒಡೆಯುವ ಪೆಟ್ಟಿಗೆ ಆಂಪ್ಲಿಫೈಯರ್‌ಗಿಂತ ಮೊದಲು ಎಲ್ಲೋ ಇರುತ್ತದೆ. ಅದು ಅನಲಾಗ್ ಪೆಟ್ಟಿಗೆಯಾಗಿದ್ದು, ಡಿಜಿಟಲ್ ಕೇಬಲ್ ಅದನ್ನು ದಾಟಿ ನೇರ ಆಂಪ್ಲಿಫೈಯರ್‌ಗೆ ಹೋದರೆ, ವೂಫರ್‌ಗೆ ಹೋಗಬೇಕಾದ ಗುಡುಗು ಹಾರ್ನ್‌ನ ತೆಳು ಡಯಾಫ್ರಮ್‌ಗೆ ಬಡಿಯುತ್ತದೆ. ಕೆಲವು ಸೆಕೆಂಡು ಸಾಕು.

ಅಂಥ ಕಡೆ ಕ್ರಾಸ್‌ಓವರ್ ಅನ್ನು ಪ್ರೊಸೆಸರ್ ಒಳಗೋ ಆಂಪ್ಲಿಫೈಯರ್ ಒಳಗೋ ಮೊದಲು ಹೊಂದಿಸಿ, ಆಮೇಲೆ ಪ್ಲಗ್ ಮುಟ್ಟಬೇಕು. ಪ್ರೊಸೆಸರ್‌ನಲ್ಲಿ ಮಾಡಿದರೆ ಔಟ್‌ಪುಟ್ ಲೆಕ್ಕವೂ ಬದಲಾಗುತ್ತದೆ. 5.1ಕ್ಕೆ ಆರು ಚಾನೆಲ್ ಇದ್ದದ್ದು ಮೂರು ಪರದೆ ಸ್ಪೀಕರ್ ಒಡೆದರೆ ಒಂಬತ್ತಾಗುತ್ತದೆ, ಅಂದರೆ ಐದು ಜೋಡಿ ಎಇಎಸ್. ಎಂಟು ಚಾನೆಲ್‌ನ ಒಂದು ಕನೆಕ್ಟರ್‌ನಲ್ಲಿ ಹಿಡಿಸುವುದಿಲ್ಲ. ಕೊಳ್ಳುವ ಮೊದಲು ಎಣಿಸಬೇಕಾದ ವಿಷಯ ಇದು.

ಪೈರಸಿ ಭಯದ ಬಗ್ಗೆ ಎರಡು ಮಾತು. ಚಿತ್ರ ಗೂಢಲಿಪಿಯಿಂದ ಬಿಡುಗಡೆಯಾಗುವುದು ಸರ್ವರ್‌ನ ಮೀಡಿಯಾ ಬ್ಲಾಕ್ ಎಂಬ ಭಾಗದ ಒಳಗೆ. ಹಾಲಿವುಡ್ ಸ್ಟುಡಿಯೋಗಳ ಕೂಟವಾದ ಡಿಸಿಐನ ನಿಯಮದಂತೆ ಅಲ್ಲೇ ಧ್ವನಿಗೂ ಗುರುತಿನ ಮುದ್ರೆ ಬೀಳುತ್ತದೆ. ಕದ್ದ ಪ್ರತಿ ಯಾವ ಸರ್ವರ್‌ನಿಂದ, ಯಾವಾಗ ಹೊರಟಿತು ಎಂದು ಅದರಿಂದ ಪತ್ತೆ ಮಾಡಬಹುದು. ಅಲ್ಲಿಂದ ಪ್ರೊಸೆಸರ್‌ಗೆ ಬರುವ ಧ್ವನಿಯೂ ಡಿಜಿಟಲ್ ಎಇಎಸ್ ರೂಪದಲ್ಲೇ ಇರುತ್ತದೆ. ಆಂಪ್ಲಿಫೈಯರ್‌ವರೆಗೆ ಡಿಜಿಟಲ್ ಆಗಿ ಹೋದದ್ದರಿಂದ ಹೊಸ ಬಾಗಿಲೇನೂ ತೆರೆಯಲಿಲ್ಲ. ವಿತರಕರ ಕಡೆಯವರಿಗೆ ಕಾಫಿ ಕೊಟ್ಟು ಇಷ್ಟು ಹೇಳಿ ಕಳಿಸಿ.

ಈಗ ಏನು ಮಾಡಬೇಕು?

ನೆಟ್‌ವರ್ಕ್ ದಾರಿಯನ್ನು ಮೊದಲು ಬದಿಗಿಡುತ್ತೇನೆ. 2013ರಲ್ಲಿ ಬಂದ ಎಇಎಸ್67 ಎಂಬ ಮಾನದಂಡದಲ್ಲಿ ಒಂದೇ ಕ್ಯಾಟ್6 ಕೇಬಲ್‌ನಲ್ಲಿ ಹತ್ತಾರು ಚಾನೆಲ್ ಹೋಗುತ್ತವೆ. ಎಂಟು ಚಾನೆಲ್‌ನ ಒಂದು ಹರಿವಿಗೆ ಸೆಕೆಂಡಿಗೆ ಸುಮಾರು 10 ಮೆಗಾಬಿಟ್ ಸಾಕು. ಡಾಲ್ಬಿ ಅಟ್ಮಾಸ್ ಧ್ವನಿ ಪದ್ಧತಿಯಂತೆ ಸರೌಂಡ್ ಸ್ಪೀಕರ್ ಒಂದೊಂದಕ್ಕೂ ಬೇರೆ ಚಾನೆಲ್ ಬೇಕಾದ ಕಡೆ ಇದೇ ಸೊಗಸು. ಆದರೆ ಇಲ್ಲಿ ಗಡಿಯಾರವೂ ನೆಟ್‌ವರ್ಕ್ ಮೇಲೆಯೇ, ಪಿಟಿಪಿ ಎಂಬ ವಿಧಾನದಲ್ಲಿ ಹರಿಯುತ್ತದೆ. ಸ್ವಿಚ್‌ನಲ್ಲಿ ವಿದ್ಯುತ್ ಉಳಿಸುವ ಸೌಲಭ್ಯ ಚಾಲೂ ಇದ್ದರೆ ಆ ಗಡಿಯಾರ ತೊದಲುತ್ತದೆ. ಟಿಕೆಟ್ ಕೌಂಟರ್, ಸಿಸಿಟಿವಿ ಕ್ಯಾಮೆರಾಗಳ ಸ್ವಿಚ್‌ಗೇ ಇದನ್ನೂ ಚುಚ್ಚಿದರೆ ಕ್ಲೈಮ್ಯಾಕ್ಸ್‌ನಲ್ಲಿ ಧ್ವನಿ ಕತ್ತರಿಸುವುದು ಖಂಡಿತ ಎಂದಿಟ್ಟುಕೊಳ್ಳಿ. ಬೇರೆಯದೇ ಸ್ವಿಚ್ ಬೇಕು, ಅದನ್ನು ಬಲ್ಲ ಮನುಷ್ಯ ಬೇಕು. ಆರು ಚಾನೆಲ್‌ಗೆ ಅಷ್ಟು ರಂಪ ಏಕೆ?

ಪರದೆಯ ಸ್ಪೀಕರ್ ಡಿಜಿಟಲ್, ಸರೌಂಡ್ ಅನಲಾಗ್ ಎಂಬ ಮಿಶ್ರಣವನ್ನು ಕೆಲವರು ಸೂಚಿಸುತ್ತಾರೆ. ಎರಡು ದಾರಿಗಳ ವಿಳಂಬ ಬೇರೆ ಬೇರೆ. ಒಂದು ಮಿಲಿಸೆಕೆಂಡ್ ತಡ ಎಂದರೆ ಸ್ಪೀಕರ್ ಅನ್ನು ಸುಮಾರು 34 ಸೆಂಟಿಮೀಟರ್ ದೂರ ಸರಿಸಿದಂತೆ. ಅಳೆದು ಸರಿದೂಗಿಸಬಹುದು, ಆದರೆ ಅಳೆಯುವವರು ಕಡಿಮೆ.

ಶುಕ್ರವಾರದೊಳಗೆ ನಾನಾಗಿದ್ದರೆ ಅನಲಾಗ್‌ಗೆ ಮರಳುತ್ತೇನೆ. ಆಂಪ್ಲಿಫೈಯರ್‌ಗಳನ್ನು ಆಫ್ ಮಾಡಿ, ರ‍್ಯಾಕ್‌ನಲ್ಲಿ ಮಧ್ಯ ಮತ್ತು ಎಡದ ಅನಲಾಗ್ ಪ್ಲಗ್ ಅದಲು ಬದಲು ಮಾಡಿ ಕೇಳಿ. ಹಮ್ ಎಡಕ್ಕೆ ಹೋದರೆ ತಪ್ಪು ಕೇಬಲ್‌ನಲ್ಲಿ ಅಥವಾ ಹಳೆಯ ಪ್ರೊಸೆಸರ್‌ನಲ್ಲಿ ಇತ್ತು, ಹೊಸ ಪ್ರೊಸೆಸರ್ ಹಾಕಿದ ಮೇಲೂ ಬಂದರೆ ಕೇಬಲ್ಲೇ. ಮಧ್ಯದಲ್ಲೇ ಉಳಿದರೆ ಆಂಪ್ಲಿಫೈಯರ್. ಮಲ್ಟಿಮೀಟರ್ ಹಿಡಿದು ಮೂರೂ ತಂತಿಗಳ ಸಂಪರ್ಕ ನೋಡಿ, ತುಂಡಾದದ್ದನ್ನು ಬೆಸೆಯಿರಿ, ಮಟ್ಟ ಅಳೆಯಿರಿ. ಒಂದು ರಾತ್ರಿಯ ಕೆಲಸ. ದೊಡ್ಡ ಚಿತ್ರದ ಮೊದಲ ವಾರ ಹೊಸ ಗಡಿಯಾರಗಳ ಜೊತೆ ಸಂಸಾರ ಮಾಡುವ ಸಮಯವಲ್ಲ.

ಗಲಾಟೆ ತಣ್ಣಗಾದ ಮೇಲೆ ಒಂದು ಸೋಮವಾರ ರಾತ್ರಿ ಡಿಜಿಟಲ್‌ಗೆ ಹೋಗಿ. ಆಂಪ್ಲಿಫೈಯರ್ ಆಫ್ ಮಾಡಿಯೇ ಪ್ಲಗ್ ಹಾಕಿ, ಫೇಡರ್ ಸೊನ್ನೆಯಲ್ಲಿಟ್ಟು ಒಂದೊಂದೇ ಚಾನೆಲ್ ತೆರೆಯಿರಿ. ದಾರಿ, ಗಡಿಯಾರ, ಮಟ್ಟ, ಇದೇ ಕ್ರಮದಲ್ಲಿ ಸರಿಪಡಿಸಿ. ದುರಸ್ತಿಯಾದ ಅನಲಾಗ್ ಕೇಬಲ್ ರ‍್ಯಾಕ್‌ನಲ್ಲೇ ಜೋಡಿಸಿ ಬಿಟ್ಟಿರಿ. ಡಿಜಿಟಲ್ ಸಂಕೇತ ನಿಂತಾಗ ತಾನಾಗಿ ಅನಲಾಗ್‌ಗೆ ಹೊರಳುವ ಸೌಲಭ್ಯ ಕೆಲವು ಆಂಪ್ಲಿಫೈಯರ್‌ಗಳಲ್ಲಿ ಇದೆ. ನಿಮ್ಮದರಲ್ಲಿ ಇದ್ದರೆ ಎರಡು ಇನ್‌ಪುಟ್‌ಗಳ ಮಟ್ಟ ಸಮ ಮಾಡಿದ ಮೇಲೆಯೇ ಅದನ್ನು ಚಾಲೂ ಮಾಡಿ, ಇಲ್ಲವಾದರೆ ಆ 17 ಡೆಸಿಬೆಲ್ ಚಿತ್ರದ ನಡುವೆ ಏಕಾಏಕಿ ಬಂದೆರಗುತ್ತದೆ.

ಎಲ್ಲ ಮುಗಿದ ಮೇಲೆ ಇಂಟರ್‌ವಲ್ ಪರೀಕ್ಷೆ ಮಾಡಿ. ಡಿಸಿಪಿ ನಿಲ್ಲಿಸಿ, ಪ್ರೊಸೆಸರ್ ಅನ್ನು ಇಂಟರ್‌ವಲ್ ಹಾಡಿನ ಇನ್‌ಪುಟ್‌ಗೆ ತಿರುಗಿಸಿ, ಮತ್ತೆ ಸರ್ವರ್‌ಗೆ ತನ್ನಿ. ಕೆಲವು ಪ್ರೊಸೆಸರ್‌ಗಳಲ್ಲಿ ಇನ್‌ಪುಟ್ ಬದಲಾದಾಗ ಗಡಿಯಾರವೂ ಬದಲಾಗಿ ಆಂಪ್ಲಿಫೈಯರ್‌ಗಳು ಕ್ಷಣಕಾಲ ಹಿಡಿತ ಕಳೆದುಕೊಂಡು 'ಧಪ್' ಎನ್ನುತ್ತವೆ. ಹಾಗಾದರೆ ಔಟ್‌ಪುಟ್ ಗಡಿಯಾರವನ್ನು ಪ್ರೊಸೆಸರ್‌ನ ಒಳಗಿನದಕ್ಕೆ ಸ್ಥಿರಗೊಳಿಸಬಹುದೇ ಎಂದು ಸೆಟ್ಟಿಂಗ್‌ನಲ್ಲಿ ನೋಡಿ. ಹತ್ತು ಸಲ ತಿರುಗಿಸಿದರೂ ಹಾಲ್ ಸದ್ದಿಲ್ಲದೆ ಇದ್ದರೆ ಕ್ಯಾಬಿನ್‌ಗೆ ಬೀಗ ಹಾಕಿ ಮನೆಗೆ ಹೋಗಬಹುದು.